ತಕ್ಕಡಿಯ ಸದ್ದು

ಒರೂರೊ ಊರಿನ ರೇಡಿಯೋ ನಿಲಯದಲ್ಲಿ
ಇಪ್ಪತ್ತೆರಡು ವರ್ಷ ನನ್ನ ಕೆಲಸ ಇಷ್ಟೇ:
ತಗಡಿನ ಮೇಲೆ ಅಕ್ಕಿ ಸುರಿದರೆ ಮಳೆ,
ತೊಗಲ ಚೀಲ ಕೊಡವಿದರೆ ರಣಹದ್ದು,
ಎರಡು ಬೋಗುಣಿ, ಒಂದು ಸರಪಳಿ ಸೇರಿದರೆ
ದೋನ್ಯಾ ಪೆತ್ರೋನಾಳ ತಕ್ಕಡಿ.

ಸಂಜೆ ಆರೂಕಾಲರ ನಾಟಕದಲ್ಲಿ
ಅವಳು ಉಪ್ಪು ಮಾರುವವಳು.
ಅವಳಿಗಿದ್ದದ್ದು ಒಂದೇ ಮಾತು:
"ಮುಳ್ಳು ನಿಲ್ಲಲಿ, ಆಮೇಲೆ ಮಾತಾಡು."

ಸುತ್ತಲಿನವರು ಸುಮ್ಮನಿದ್ದರೇ?
ಗಣಿಯ ಮೇಸ್ತ್ರಿ ಕುಡಿತ ಬಿಟ್ಟ, ಪಾದ್ರಿ ಹಿಡಿದ,
ಅಕ್ಕತಂಗಿಯರು ಒಬ್ಬನಿಗಾಗಿ ಕಾದಾಡಿ
ಅವನನ್ನೇ ಮರೆತು ಒಂದಾದರು,
ಸತ್ತವನೊಬ್ಬ, ಕೇಳುಗರ ಕಾಗದಗಳ ಕಾಟಕ್ಕೆ,
ಮೂರು ತಿಂಗಳ ಮೇಲೆ ಎದ್ದು ಬಂದ.
ಪೆತ್ರೋನಾ ಮುಳ್ಳು ನೋಡುತ್ತಾ ಕೂತಳು.

ಲಾ ಪಾಸ್‌ನಲ್ಲಿ ಓದಿ ಬಂದ ಹೊಸ ಬರಹಗಾರ ವಿಲ್ಮಾರ್
ಕನ್ನಡಕ ಒರೆಸಿಕೊಂಡು ಹೇಳಿದ:
"ಪಾತ್ರ ಅಂದಮೇಲೆ ಬೆಳೆಯಬೇಕು, ಏನಾದರೂ ಕಲಿಯಬೇಕು.
ಈಕೆ ಗೋಡೆಗೆ ಹೊಡೆದ ಮೊಳೆ."
ಯುಲೋಹಿಯಾ, ಪೆತ್ರೋನಾಳ ದನಿ ಅವಳದು,
ಹೆಣಿಗೆಯಿಂದ ತಲೆಯೆತ್ತದೆ ಅಂದಳು:
"ಮೊಳೆಯೂ ನಡೆಯತೊಡಗಿದರೆ
ಕ್ಯಾಲೆಂಡರ್ ಎಲ್ಲಿ ತೂಗುಹಾಕುತ್ತೀ, ಮಗಾ?"

ನಾನು ನಕ್ಕೆ. ಆದರೆ ವಿಲ್ಮಾರ್ ಹೇಳಿದ್ದು ಪೂರ್ತಿ ಸುಳ್ಳಲ್ಲ.
ಹಸಿದ ಹುಡುಗಿಯೊಬ್ಬಳು ಚಿಟಿಕೆ ಉಪ್ಪು ಬೇಡಿದ ಕಂತು ನೆನಪಿದೆ.
ಪೆತ್ರೋನಾ ಅವಳಿಗೂ ಮುಳ್ಳನ್ನೇ ತೋರಿಸಿದಳು.
ಬೋಗುಣಿ ಬಡಿದವನು ನಾನೇ.
ಆ ರಾತ್ರಿ ಸಾರಿಗೆ ಉಪ್ಪು ಹಾಕಲು ಕೈ ಬರಲಿಲ್ಲ.
ಬದಲಾಗದವರೆಲ್ಲ ಒಳ್ಳೆಯವರೆಂದು ಯಾರು ಹೇಳಿದರು?

ಇನ್ನು ಯುಲೋಹಿಯಾ. ಅವಳೇನು ಇದ್ದಂತೆ ಇದ್ದಳೇ?
ಗಂಡನ ಎದೆಯನ್ನು ಗಣಿಯ ದೂಳು ತಿಂದಿತು.
ಮೇಲಿನ ನಾಲ್ಕು ಹಲ್ಲು ಕಿತ್ತ ವಾರ
'ನಿಲ್ಲಲಿ' ಅನ್ನುವುದು ಬರೀ ಗಾಳಿಯಾಗಿ ಜಾರುತ್ತಿತ್ತು.
ಎಲ್ಲರೂ ಹೋದ ಸ್ಟುಡಿಯೋದಲ್ಲಿ ದೀಪ ಆರಿಸಿ,
ನಾಲಿಗೆಯನ್ನು ವಸಡಿಗೊತ್ತಿ,
ಆ ಒಂದೇ ಮಾತನ್ನು ನೂರು ಸಲ, ಇನ್ನೂರು ಸಲ,
ಹಳೆಯ ದನಿ ಮರಳುವ ತನಕ.
ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡೆ.
ಇದ್ದಲ್ಲೇ ಇರಲು ಇಷ್ಟು ದುಡಿಯಬೇಕೆ?

ಚಳಿಗಾಲಕ್ಕೆ ವಿಲ್ಮಾರ್ ಎಲಿಸೆಯೋನನ್ನು ಕರೆತಂದ:
ಹದಿನಾರನೇ ವಯಸ್ಸಿಗೆ ಅವಳ ಹಣದ ಡಬ್ಬಿ ಕದ್ದು ಓಡಿದವನು
ಒಂಬತ್ತು ವರ್ಷದ ಮೇಲೆ, ಗಡ್ಡ ಕೆಮ್ಮುಗಳ ಸಮೇತ,
ಅದೇ ಅಂಗಡಿಯ ಮುಂದೆ.
ಹಾಳೆಯಲ್ಲಿ ಬರೆದಿತ್ತು:
ಪೆತ್ರೋನಾ ಅಳುತ್ತಾಳೆ. ತಕ್ಕಡಿಯನ್ನು ಬದಿಗೆ ತಳ್ಳುತ್ತಾಳೆ.
ಅಳೆಯುವುದಿಲ್ಲ, ಸುರಿಯುತ್ತಾಳೆ.

ಕೆಂಪು ದೀಪ ಹತ್ತಿತು. ನೇರ ಪ್ರಸಾರ.
ಸುರಿಯಲು ಮರಳು ತುಂಬಿಟ್ಟುಕೊಂಡಿದ್ದೆ.
"ಅರ್ಧ ಕಿಲೋ ಕೊಡಿ," ಅಂದ ಎಲಿಸೆಯೋ.
ಯುಲೋಹಿಯಾ ಹಾಳೆ ಮಗುಚಿಟ್ಟಳು.
ನನ್ನ ಕಡೆ ನೋಡಿದಳು.
"ಮುಳ್ಳು ನಿಲ್ಲಲಿ, ಆಮೇಲೆ ಮಾತಾಡು."

ಮರಳು ಬಿಟ್ಟು ಸರಪಳಿ ಎತ್ತಿಕೊಂಡೆ.
ಠಣ್.

ಎಲಿಸೆಯೋ ಆಗಿದ್ದ ಹುಡುಗ ಹಾಳೆ ತಡಕಿದ.
ಅಲ್ಲಿ ಅವನಿಗೆ ಮಾತಿರಲಿಲ್ಲ.
ಬಾಯಿ ತೆರೆದ, ಮುಚ್ಚಿದ,
ಆಮೇಲೆ, ಅಂದು ಒಂದು ಗಳಿಗೆಯೂ ಕಾಯದೆ ಓಡಿದವನು,
ಕಾದ.
ಗಾಳಿಯಲ್ಲಿ ಏಳು ಸೆಕೆಂಡು ಮೌನ.
ಎಷ್ಟು ದೂರ ಹೋಗಿ ಬಂದಿದ್ದಾನೆ ಇವನು
ಎಂಬುದು ಆಗ ಕೇಳಿಸಿತು ನನಗೆ.

ನನ್ನಜ್ಜಿ ಅಂಗಳದಲ್ಲಿ ಮೆಣಸಿನಕಾಯಿ ಅರೆಯುವಾಗ
ಮೇಲಿನ ಕಲ್ಲು ತೊಟ್ಟಿಲಂತೆ ತೂಗುತ್ತಿತ್ತು,
ಕೆಳಗಿನದು ಸುಮ್ಮನೆ ಮಲಗಿರುತ್ತಿತ್ತು.
ಅರೆದದ್ದು ಯಾವ ಕಲ್ಲು ಎಂದು ಕೇಳಿದರೆ
ಅವಳು ಕೈ ತೊಳೆಯಲು ಎದ್ದು ಹೋಗುತ್ತಿದ್ದಳು.

ವಿಲ್ಮಾರ್ ಮೂರು ದಿನ ನಮ್ಮೊಡನೆ ಮಾತು ಬಿಟ್ಟ.
ನಾಲ್ಕನೆಯ ದಿನ ಹೊಸ ಕಂತು ತಂದಿಟ್ಟ.
ಪೆತ್ರೋನಾ ಎಂಬ ಹೆಸರಿನ ಮುಂದೆ
ಏನೂ ಬರೆದಿರಲಿಲ್ಲ, ಖಾಲಿ ಜಾಗ.
ಯುಲೋಹಿಯಾ ಹೆಣಿಗೆಯ ಮನೆ ಎಣಿಸುತ್ತಿದ್ದಳು.
ನಾನು ಬೋಗುಣಿಯ ಕಿಲುಬು ಉಜ್ಜಲು ಕೂತೆ.
ಹೆಚ್ಚು ಉಜ್ಜಲಿಲ್ಲ,
ಸದ್ದು ಬದಲಾದೀತು.